ತೇವದ ಅಂಕಿ ನಂಬೋ ಮೊದಲು ಉಪ್ಪಿನ ಪರೀಕ್ಷೆ ಮಾಡ್ರಿ

ಈ ಸಲ ಸೋಯಾ ಬಿತ್ತನೆ ಬಗ್ಗೆ ಯಾಕ ಏನೂ ಬರೀಲಿಲ್ಲ ಅಂತ ಭಾಳ ಮಂದಿ ಕೇಳಿದ್ರಿ. ಬರೆಯೋ ಮನಸ್ಸೇ ಇರಲಿಲ್ಲ. ಮನೆಯಾಗ ಇಟ್ಟ ಬೀಜ ಕೆಟ್ಟಿತ್ತು. ಮಿರಗಕ್ಕ ನಾಲ್ಕು ದಿನ ಮೊದಲು ನೂರು ಕಾಳು ಎಣಿಸಿ ಹಸಿ ಗೋಣಿಚೀಲದಾಗ ಸುತ್ತಿಟ್ಟೆ. ಬಿಚ್ಚಿ ನೋಡಿದರ 46 ಮೊಳಕೆ. ಸೋಯಾ ಬೀಜ ಅಂತ ಅನ್ನಿಸಿಕೊಳ್ಳಬೇಕಾದರ ನೂರಕ್ಕ 70 ಆದರೂ ಮೊಳೀಬೇಕು, ಪ್ರಮಾಣಿತ ಬೀಜಕ್ಕ ಸರ್ಕಾರ ಇಟ್ಟ ಲೆಕ್ಕ ಅದೇ. ಮೂರು ಚೀಲ, ಒಂದೂವರೆ ಕ್ವಿಂಟಲ್. ನಮ್ಮ ನಾಲ್ಕು ಎಕರೆಗೆ ಮತ್ತ ಹುಮನಾಬಾದ್ ಕಡೆ ಕೊಟ್ಟ ನಮ್ಮ ತಂಗಿ ಮನೆಯ ಎರಡು ಎಕರೆಗೆ ಅಂತ ತೆಗೆದಿಟ್ಟಿದ್ದು. ಭಾವಗೆ ಫೋನ್ ಮಾಡಿ "ಬೀಜ ಇಲ್ಲರಿ, ನೀವೂ ಬ್ಯಾರೆ ಕಡೆ ನೋಡ್ಕೋರಿ" ಅಂತ ಹೇಳುವಾಗ ಬಾಯಿ ಒಣಗಿತ್ತು.

ಇದರಾಗ ಒಂದು ಮಾತು ಅದ, ಅದಕ್ಕೇ ಇವತ್ತು ಬರೀಲಿಕ್ಕ ಕುಂತೀನಿ. ಕೆಟ್ಟ ಬೀಜ ಇದ್ದದ್ದು ಸೆನ್ಸರ್ ಹಾಕಿದ ಕೋಣೆಯಾಗ. ನಮ್ಮ ಮನೆಯಾಕಿ ಹತ್ತು ಕಿಲೋ ಬೀಜ ಬಟ್ಟೆ ಚೀಲದಾಗ ಕಟ್ಟಿ ಪಡಸಾಲೆ ಅಟ್ಟದ ಮೇಲೆ ಇಟ್ಟಿದ್ದಳು. ಅದೇ ಹೊಲದ್ದು, ಅದೇ ದಿನದ ರಾಶಿ. ಅದು 78 ಬಂತು. ಅಟ್ಟಕ್ಕ ಸೆನ್ಸರೂ ಇಲ್ಲ, ಫ್ಯಾನೂ ಇಲ್ಲ.

ಇದನ್ನ ಕೇಳಿ ಊರಾಗ ನಗೋವರು ನಕ್ಕರು. "ಹಿಂದಿನವರು ಮಷಿನ್ ಇಟ್ಟು ಬೀಜ ಉಳಿಸಿದ್ದರೇನು?" ಅಂದರು. ನಾನು ಆ ಮಾತು ಒಪ್ಪೋದಿಲ್ಲ. ಹಿಂದಿನವರು ಹಗೇವಿನಾಗ ಇಟ್ಟಿದ್ದು ಉಣ್ಣೋ ಜೋಳ. ಕೆಮ್ಮಣ್ಣು ಹಚ್ಚಿ ಇಟ್ಟಿದ್ದು ತೊಗರಿ. ಸೋಯಾ ನಮ್ಮ ಅಪ್ಪ ಬಿತ್ತಿದವನಲ್ಲ. ಇದು ಎಣ್ಣಿ ಕಾಳು, ಸಿಪ್ಪೆ ತೆಳುವು, ಎತ್ತರದಿಂದ ಚೀಲ ಒಗೆದರೂ ಒಳಗಿನ ಮೊಳಕೆಗೆ ಪೆಟ್ಟು ಬೀಳ್ತದ. ಅಕ್ಟೋಬರದಿಂದ ಜೂನ್ ತನಕ ಎಂಟು ತಿಂಗಳು ಇದರ ಜೀವ ಹಿಡಿದಿಡೋದು ಜೋಳ ಇಟ್ಟಂಗ ಅಲ್ಲ. ಮಷಿನ್ ಬೇಕು ಅಂತನೇ ನಾನು ಈಗಲೂ ಅಂತೀನಿ. ಆದರ ನಾವು ಅದನ್ನ ಇಟ್ಟ ರೀತಿ ತಪ್ಪಿತ್ತು. ಎಲ್ಲಿ ತಪ್ಪಿತು ಅನ್ನೋದು ತಿಳೀಲಿಕ್ಕ ನನಗ ಒಂದೂವರೆ ತಿಂಗಳು ಹಿಡೀತು.

ನಮ್ಮದು ಬಸವಕಲ್ಯಾಣ ತಾಲೂಕಿನ ಹಳೇ ಮಾಳಿಗೆ ಮನೆ. ಗೋಡೆ ಕೆಂಪು ಕಲ್ಲಿಂದು. ಈ ಕಲ್ಲು ನಿಮಗ ಗೊತ್ತದ, ಮೈತುಂಬ ತೂತು. ಮಳೆಗಾಲದಾಗ ನೀರು ಕುಡೀತದ, ಆಮೇಲೆ ತಿಂಗಳಗಟ್ಟಲೆ ಸಾವಕಾಶ ಬಿಡ್ತದ. ನಡುಮನೆ ಹಿಂದಿನ ಕತ್ತಲು ಕೋಣೆಯಾಗ ಕಾಳು ಇಡ್ತೀವಿ. ಕಿಟಕಿ ಇಲ್ಲ, ಮೇಲೆ ಒಂದು ಗವಾಕ್ಷಿ ಅಷ್ಟೇ. ಅಣ್ಣನ ಮಗ ಹೈದರಾಬಾದಿನಾಗ ನೌಕರಿ ಮಾಡ್ತಾನ. ಹೋದ ದೀಪಾವಳಿಗೆ ಬಂದಾಗ "ಕಾಕಾ, ನಿಮ್ಮ ಕೋಣೆಗೆ ಒಂದು ಸಣ್ಣ ಕೆಲಸ ಮಾಡಿಕೊಡ್ತೀನಿ" ಅಂದ. ತೇವ ಅಳೆಯೋ ಸೆನ್ಸರ್, ವೈಫೈ ಹಿಡಿಯೋ ಸಣ್ಣ ಬೋರ್ಡು, ಒಂದು ರಿಲೇ, ಗವಾಕ್ಷಿಗೆ ಒಂದು ಎಕ್ಸಾಸ್ಟ್ ಫ್ಯಾನ್. ಕೋಣೆಯ ತೇವ 65 ದಾಟಿದರ ಫ್ಯಾನ್ ತಾನೇ ಚಾಲೂ ಆಗಬೇಕು. ಫೋನಿನಾಗ ಅಂಕಿ ನೋಡಬಹುದು. ಹುಡುಗ ಪ್ರೀತಿಲೆ ಮಾಡಿಕೊಟ್ಟ, ಅದರ ಬಗ್ಗೆ ನನ್ನದೇನೂ ತಕರಾರಿಲ್ಲ.

ಆ ವರ್ಷ ರಾಶಿಗೆ ಬಂದ ಸೋಯಾ ಹಿಂಗಾರಿ ಮಳೆಯಾಗ ತೊಯ್ದಿತ್ತು. ಅಂಗಳದಾಗ ಮೂರು ದಿನ ಒಣಗಿಸಿ, ಒಂದು ಹಿಡಿ ಹುಮನಾಬಾದ್ ಬಜಾರಿಗೆ ಒಯ್ದು ಮೀಟರಿಗೆ ಹಾಕಿಸಿದೆ. 12 ತೋರಿಸ್ತು. ಮಾರೋ ಮಾಲಿಗೆ 12 ನಡೀತದ. ಚೀಲದಾಗಿಡೋ ಬೀಜಕ್ಕೂ 12 ಅಂದ್ರ ಮೇಲಿನ ಗಡಿ. ಗಡಿ ಮೇಲೆ ನಿಂತ ಬೀಜ ಒಳಗ ಒಯ್ದು ಇಟ್ಟೆ, ಮಷಿನ್ ಅದಲ್ಲ ಅನ್ನೋ ಧೈರ್ಯದಾಗ. ಮೊದಲನೇ ತಪ್ಪು ನನ್ನದೇ. ಇನ್ನೊಂದೆರಡು ದಿನ ನೆರಳು-ಬಿಸಿಲಿನಾಗ ತೆಳ್ಳಗ ಹರವಬೇಕಿತ್ತು. ಹ್ಯಾರಿಂಗ್ಟನ್ ಅಂತ ಅಮೆರಿಕದ ಬೀಜ ವಿಜ್ಞಾನಿ ಒಬ್ಬ ಒಂದು ಲೆಕ್ಕ ಹೇಳ್ಯಾನ: ಕಾಳಿನ ತೇವ ಒಂದು ಅಂಶ ಇಳಿದರ ಬೀಜದ ಆಯುಷ್ಯ ಸುಮಾರು ಎರಡು ಪಟ್ಟು ಆಗ್ತದ. ಅಂದ್ರ 12 ಇದ್ದದ್ದು 10ಕ್ಕ ಇಳಿಸಿದ್ದರ ನಾಲ್ಕು ಪಟ್ಟು. ಯಾವ ಫ್ಯಾನೂ ಕೊಡದಷ್ಟು ಲಾಭ ಎರಡು ದಿನದ ಬಿಸಿಲಿನಾಗ ಇತ್ತು.

ಚಳಿಗಾಲ ಪೂರ್ತಿ ಫೋನಿನಾಗ ಅಂಕಿ ಚೆಂದ ಬರ್ತಿತ್ತು. 48, 50, 52. ಒಮ್ಮೆ ನಾಲ್ಕು ದಿನ 49ರ ಮ್ಯಾಲೇ ನಿಂತಿತ್ತು. ನಾನು ಖುಷಿ ಪಟ್ಟೆ. ಆಮೇಲೆ ತಿಳೀತು, ಕರೆಂಟ್ ಹೋಗಿ ಬಂದಾಗ ರೌಟರ್ ಎದ್ದೇಳಲಿಕ್ಕ ಎರಡು ಮಿನಿಟು ತೊಗೋತದ, ಅಷ್ಟರಾಗ ಬೋರ್ಡು ವೈಫೈ ಹುಡುಕಿ ಸಿಗಲಿಲ್ಲ ಅಂತ ಕೈಬಿಟ್ಟು ಕುಂತಿತ್ತು. ಫೋನು ಕೊನೇ ಅಂಕಿನೇ ತೋರಿಸ್ತಿತ್ತು. ನಮ್ಮ ಕಡೆ ಕರೆಂಟ್ ದಿನಕ್ಕ ಎಷ್ಟು ಸಲ ಹೋಗ್ತದ ನಿಮಗ ಹೇಳಬೇಕಾಗಿಲ್ಲ. ಗಾಳಿ ತೇವ ಬೆಳಿಗ್ಗೆಗೆ ಒಂದು, ಮಧ್ಯಾಹ್ನಕ್ಕ ಒಂದು ಇರ್ತದ. ನಾಲ್ಕು ದಿನ ಅಲುಗಾಡದ ಅಂಕಿ ಅಂದ್ರ ಅದು ಸತ್ತ ಅಂಕಿ. ಈಗ ಅಂಕಿ ಪಕ್ಕದಾಗ ಅದು ಬಂದ ಟೈಮೂ ತೋರಿಸೋ ಹಾಂಗ ಮಾಡಿಸೀನಿ. ವೈಫೈ ಸಿಗೋ ತನಕ ಹುಡುಕ್ತಾನೇ ಇರಬೇಕು, ಫ್ಯಾನ್ ಹಾಕೋ ತೆಗೆಯೋ ಲೆಕ್ಕ ಬೋರ್ಡಿನ ಒಳಗೇ ಇರಬೇಕು, ಇಂಟರ್‌ನೆಟ್ ಮೇಲೆ ಬಿಡಬಾರದು.

ಮೇ ಮೂರನೇ ವಾರ ಅಕಾಲಿಕ ಮಳೆ ಎರಡು ಆದವು. ಕೋಣೆ ಬಾಗಿಲು ತೆಗೆದರ ಮುಗ್ಗಲು ವಾಸನೆ. ಫೋನಿನಾಗ 54. ಮೂಗು ಒಂದು ಹೇಳ್ತದ, ಫೋನು ಇನ್ನೊಂದು ಹೇಳ್ತದ. ಅವತ್ತು ಸ್ಟೂಲ್ ಹಾಕಿ ಮೇಲೆ ನೋಡಿದೆ. ಸೆನ್ಸರ್ ಹೊಡೆದಿದ್ದು ಇನ್ವರ್ಟರ್ ಮ್ಯಾಲಿನ ಗೋಡೆಗೆ. ವೈರ್ ಹತ್ತಿರ ಆಗ್ತದ ಅಂತ ಹುಡುಗ ಅಲ್ಲಿ ಹೊಡೆದಿದ್ದ. ಮೊಳೆ ಕೊಟ್ಟವನು ನಾನೇ.

ಸೆನ್ಸರ್ ಬಿಚ್ಚಿ ದಾರ ಕಟ್ಟಿ ಚೀಲಗಳ ನಡುವೆ ಇಳಿಬಿಟ್ಟೆ. ಒಂದು ತಾಸಿಗೆ 54 ಇದ್ದದ್ದು 68 ಆಯಿತು. ಇನ್ವರ್ಟರ್ ಮೇಲೆ ಉಷ್ಣ 32 ಡಿಗ್ರಿ, ಚೀಲದ ಹತ್ತಿರ 28. ಗಾಳಿಯಾಗಿನ ನೀರು ಎರಡೂ ಕಡೆ ಅಷ್ಟೇ. ಆದರ ಬಿಸಿ ಗಾಳಿಗೆ ನೀರು ಹಿಡಿಯೋ ಹೊಟ್ಟೆ ದೊಡ್ಡದು, ಅದಕ್ಕ ಶೇಕಡಾ ಕಡಿಮಿ ತೋರಿಸ್ತದ. ನಾಲ್ಕು ಡಿಗ್ರಿ ಫರಕಿಗೆ 14 ಅಂಶ ಸುಳ್ಳು! ಇಷ್ಟು ದಿನ ನಾವು ನೋಡಿದ್ದು ಬೀಜದ ತೇವ ಅಲ್ಲ, ಇನ್ವರ್ಟರ್ ಬಿಸಿ.

ಇಲ್ಲಿಗೆ ಮುಗೀತು ಅಂದುಕೊಂಡೆ. ದೊಡ್ಡ ಪೆಟ್ಟು ಮುಂದಿತ್ತು. 68 ಆಗಿದ್ದೇ ತಡ, ಫ್ಯಾನ್ ತಾನೇ ಚಾಲೂ ಆಯಿತು. ಈಗ ಸರಿ ಆಯಿತು ಅಂತ ಮಲಗಿದೆ. ರೋಹಿಣಿ ಮಳೆ ಹಿಡೀತು. ಹತ್ತು ದಿನ ರಾತ್ರಿ ಪೂರ್ತಿ ಫ್ಯಾನ್ ಓಡ್ತು. ಅಂಕಿ ಇಳೀಲಿಲ್ಲ, ಏರ್ತು. 71, 74. ಫ್ಯಾನ್ ಸಣ್ಣದಾಯಿತೇನೋ, ದೊಡ್ಡದು ತರಬೇಕು ಅಂತ ನಾನು ಬಸವಕಲ್ಯಾಣದಾಗ ರೇಟ್ ಕೂಡ ಕೇಳಿ ಬಂದಿದ್ದೆ ನೋಡ್ರಿ!

ಫ್ಯಾನ್ ಒಳಗಿನ ಗಾಳಿ ಹೊರಗ ಒಗೀತದ ಅನ್ನೋದಷ್ಟೇ ನನ್ನ ತಲೆಯಾಗಿತ್ತು. ಒಗೆದಷ್ಟೇ ಗಾಳಿ ಬಾಗಿಲ ಸಂದಿಯಿಂದ ಒಳಗ ಬರ್ತದ ಅನ್ನೋದು ಹೊಳೀಲಿಲ್ಲ. ಬಂದದ್ದು ಮಳೆ ರಾತ್ರಿಯ ಗಾಳಿ. ಲೆಕ್ಕ ಹಿಂಗದ. 23 ಡಿಗ್ರಿ ಗಾಳಿ ಒಂದು ಘನ ಮೀಟರಿಗೆ ಹೆಚ್ಚಂದರ ಸುಮಾರು 20.6 ಗ್ರಾಂ ನೀರಾವಿ ಹಿಡೀತದ. ಹೊರಗ ತೇವ 95 ಇದ್ದರ 19.5 ಗ್ರಾಂ ಆಯಿತು. 28 ಡಿಗ್ರಿ ಗಾಳಿ ಹಿಡಿಯೋದು ಸುಮಾರು 27.2 ಗ್ರಾಂ, ಒಳಗ 68 ಅಂದ್ರ 18.5 ಗ್ರಾಂ. ಅಂದ್ರ ಫ್ಯಾನ್ ಒಣ ಗಾಳಿ ಹೊರಗ ಹಾಕಿ ಹಸಿ ಗಾಳಿ ಒಳಗ ತಂತು. ಮತ್ತ ಕೋಣೆ ತಂಪಾಯಿತು, ತಂಪಾದಷ್ಟು ಶೇಕಡಾ ಇನ್ನೂ ಏರ್ತು. ಏರಿದಷ್ಟು ಫ್ಯಾನ್ ಇನ್ನೂ ಓಡ್ತು. ಮಷಿನ್ ಕೆಟ್ಟಿರಲಿಲ್ಲ. ನಾವು ಹೇಳಿದ್ದನ್ನ ಒಂದು ಅಕ್ಷರ ತಪ್ಪದೆ ಮಾಡ್ತು. ನಾವು ಹೇಳಿದ್ದೇ ತಪ್ಪಿತ್ತು.

ಅದೇ ಬ್ಯಾಸಗಿ ಮಧ್ಯಾಹ್ನ ಹೊರಗ 36 ಡಿಗ್ರಿ, ತೇವ 35 ಇದ್ದಾಗ ಗಾಳಿಯಾಗ ನೀರು ಸುಮಾರು 14.6 ಗ್ರಾಂ ಮಾತ್ರ. ಆಗ ಎರಡು ತಾಸು ಓಡಿಸಿದ್ದರ ಕೋಣೆ ಒಣಗ್ತಿತ್ತು. ಆದರ ಹಗಲು ಇನ್ವರ್ಟರ್ ಬಿಸಿಗೆ ಸೆನ್ಸರ್ "ಎಲ್ಲಾ ಛಲೋ ಅದ" ಅಂತಿತ್ತು, ಫ್ಯಾನ್ ಬಂದ್ ಇರ್ತಿತ್ತು.

46 ಬಂದ ರಾತ್ರಿ ಹುಡುಗನ ಸಂಗಡ ಫೋನಿನಾಗ ಜಗಳಾಡಿದೆ. ಅಗ್ಗದ ಸೆನ್ಸರ್ ತಂದಿ ಅಂದೆ. ಅವ ಸಿಟ್ಟಾಗಲಿಲ್ಲ. "ಕಾಕಾ, ಉಪ್ಪಿನ ಪರೀಕ್ಷೆ ಮಾಡ್ರಿ, ಆಮೇಲೆ ಬೈರಿ" ಅಂದ. ಮಾಡಿದೆ. ನೀವೂ ಮಾಡ್ರಿ, ಖರ್ಚು ಐದು ರೂಪಾಯಿನೂ ಆಗೋದಿಲ್ಲ. ಬಾಟಲಿ ಮುಚ್ಚಳದಾಗ ಪ್ಯಾಕೆಟ್ ಉಪ್ಪು ತುಂಬಿ ಕೆಲವು ಹನಿ ನೀರು ಬಿಡ್ರಿ, ಹಸಿ ಉಸುಕಿನಂಗ ಆಗಬೇಕು, ಕರಗಿ ನೀರಾಗಬಾರದು. ಅದನ್ನೂ ಸೆನ್ಸರನ್ನೂ ಒಂದು ಗಟ್ಟಿ ಮುಚ್ಚಳದ ಡಬ್ಬಿಯಾಗ ಇಡ್ರಿ, ಸೆನ್ಸರಿಗೆ ಉಪ್ಪು ತಾಗಬಾರದು. ನೆರಳಿನಾಗ ಒಂದು ರಾತ್ರಿ ಬಿಡ್ರಿ. ಡಬ್ಬಿ ಒಳಗಿನ ಗಾಳಿ 75ಕ್ಕ ಬಂದು ನಿಲ್ತದ. ಅದು ಉಪ್ಪಿನ ಗುಣ, ಹೈದರಾಬಾದಿಗೂ ಅಷ್ಟೇ, ನಮ್ಮೂರಿಗೂ ಅಷ್ಟೇ. ನಿಮ್ಮ ಸೆನ್ಸರ್ 75ರ ಹತ್ತಿರ ಹೇಳಿದರ ಸರಿ.

ನಮ್ಮದು 71 ಹೇಳ್ತು. ಡಿಎಚ್‌ಟಿ 11 ಅನ್ನೋ ನೀಲಿ ಸೆನ್ಸರ್ ಅದು, ಐದು ಅಂಶ ಹಿಂದ ಮುಂದ ಆಗಬಹುದು ಅಂತ ಅದರ ಕಾಗದದಾಗೇ ಬರೆದದ. ನಾಲ್ಕು ಕೂಡಿಸಿ ಓದಿದರ ಆಯಿತು. ಅಂದ್ರ ಸೆನ್ಸರ್ ನಿರಪರಾಧಿ. ಹುಡುಗನಿಗೆ ಮರುದಿನ ಫೋನ್ ಮಾಡಿ ತಪ್ಪಾಯ್ತಪ್ಪ ಅಂದೆ.

ನಮ್ಮ ಅವ್ವ ಉಪ್ಪಿನ ಭರಣಿ ನೋಡಿ "ಉಪ್ಪು ಬೆವತದ, ಹಪ್ಪಳ ಹೊರಗ ಹಾಕಬ್ಯಾಡ್ರಿ" ಅಂತಿದ್ದಳು. ಗಾಳಿ 75 ದಾಟಿದರ ಉಪ್ಪು ನೀರೊಡೀತದ. ಕಲ್ಲುಪ್ಪಿನಾಗ ಮ್ಯಾಗ್ನೀಶಿಯಂ ಇರೋದಕ್ಕ ಇನ್ನೂ ಮೊದಲೇ ಬೆವರ್ತದ, ಅದಕ್ಕೇ ಪರೀಕ್ಷೆಗೆ ಪ್ಯಾಕೆಟ್ ಉಪ್ಪು ಅಂದೆ. ಅವ್ವನ ಭರಣಿ ಒಂದು ಸೆನ್ಸರೇ. ಕರೆಂಟ್ ಹೋದರೂ ನಿಲ್ತಿರಲಿಲ್ಲ.

ಈಗ ನನ್ನ ತಕರಾರಿಗೆ ಬರ್ತೀನಿ. ಕೃಷಿ ಮೇಳಕ್ಕ ಹೋದರ ಇಂಥ ಪೆಟ್ಟಿಗೆ ಮಾರೋರು ಸಾಲು ಹಿಡಿದು ಕುಂತಿರ್ತಾರ. ಫೋನಿನಾಗ ಫ್ಯಾನ್ ಹಾಕಿ ತೋರಿಸ್ತಾರ, ತೆಗೆದು ತೋರಿಸ್ತಾರ, ಚಪ್ಪಾಳೆ ಬೀಳ್ತದ. ಸೆನ್ಸರ್ ಎಲ್ಲಿ ಹೊಡೀಬೇಕು, ಅಂಕಿ ಖರೆ ಅದನೋ ಇಲ್ಲೋ ಹೆಂಗ ನೋಡಬೇಕು, ಅನ್ನೋದನ್ನ ನನಗಂತೂ ಯಾರೂ ಹೇಳಿಲ್ಲ. ಹೊರಗೊಂದು ಸೆನ್ಸರ್ ಇಲ್ಲದೆ ಫ್ಯಾನಿಗೆ ಅಧಿಕಾರ ಕೊಡೋದು, ಹೊರಗ ಮಳೆ ಅದನೋ ಇಲ್ಲೋ ನೋಡದೆ ಕಾಳು ಅಂಗಳಕ್ಕ ಹರವಿದಂಗ. ಎರಡು ಸೆನ್ಸರ್ ಇಲ್ಲದೆ ತೇವದ ಫ್ಯಾನ್ ಮಾರಲೇಬಾರದು ಅಂತ ನನ್ನ ಅಭಿಪ್ರಾಯ. ಮಾರಿದರ ಉಪ್ಪಿನ ಪರೀಕ್ಷೆ ಕನ್ನಡದಾಗ ಒಂದು ಚೀಟಿ ಬರೆದು ಪೆಟ್ಟಿಗೆಯಾಗ ಇಡ್ರಿ, ನಾಲ್ಕು ಸಾಲು ಸಾಕು.

ಮತ್ತ ನಮ್ಮವರಿಗೂ ಒಂದು ಮಾತು. ಮಾಳಿಗೆ ಸೋರ್ತದ, ಗೋಡೆ ಬುಡಕ್ಕ ನೀರು ನಿಲ್ತದ, ಚೀಲ ನೆಲದ ಮೇಲೆ ಗೋಡೆಗೆ ಹತ್ತಿಸಿ ಇಟ್ಟೀರಿ ಅಂದ್ರ ಯಾವ ಸೆನ್ಸರೂ ಉಳಿಸೋದಿಲ್ಲ. ಮೊದಲು ದೋಣಿ ರಿಪೇರಿ, ಆಮೇಲೆ ವೈಫೈ. ಇನ್ನು ಕೆಲವರು ಪ್ಲಾಸ್ಟಿಕ್ ಡ್ರಮ್ಮಿನಾಗ ಗಾಳಿ ಹೋಗದಂಗ ಮುಚ್ಚಿಡ್ತೀವಿ ಅಂತೀರಿ. ಗಾಳಿಯಾಡದ ಡಬ್ಬಿಗೆ ಸೋಯಾ ಬೀಜದ ತೇವ 7 ಇರಬೇಕು, 12 ಅಲ್ಲ. 12ರ ಬೀಜ ಗಟ್ಟಿ ಮುಚ್ಚಿದರ ಒಳಗೇ ಬೆವತು ಸಾಯ್ತದ.

ಈಗ ಹೊಸದಾಗಿ ಮಾಡಿದ್ದು ಇಷ್ಟು. ಒಂದು ಸೆನ್ಸರ್ ಚೀಲದ ನಡುವೆ, ಎದಿ ಎತ್ತರಕ್ಕ, ಗೋಡೆಯಿಂದ ದೂರ. ಇನ್ನೊಂದು ಹೊರಗ ಉತ್ತರದ ಗೋಡೆ ನೆರಳಿನಾಗ, ತಳಕ್ಕ ತೂತು ಹೊಡೆದ ಡಬ್ಬಿಯೊಳಗ. ಇಬ್ಬನಿ ಯಾವ ಉಷ್ಣಕ್ಕ ಕೂಡ್ತದ ಅನ್ನೋದನ್ನ ಬೋರ್ಡು ಎರಡೂ ಕಡೆಗೆ ಲೆಕ್ಕ ಹಾಕ್ತದ. ಹೊರಗಿಂದು ಒಳಗಿಂದಕ್ಕಿಂತ ಮೂರು ಡಿಗ್ರಿ ಕಡಿಮಿ ಇದ್ದರ ಮಾತ್ರ ಫ್ಯಾನ್. 65ಕ್ಕ ಚಾಲೂ, 60ಕ್ಕ ಬಂದ್. ನಡುವೆ ಐದರ ಅಂತರ ಇಡಲಿಲ್ಲ ಅಂದ್ರ ರಿಲೇ ಟಕ್ ಟಕ್ ಅಂತ ಒಂದೇ ಸಮ ಬಡಕೋತದ. ನೀರಿನ ಟಾಕಿಯ ಫ್ಲೋಟಿಗೂ ಇದೇ ಅಂತರ ಇರ್ತದ ನೋಡ್ರಿ. ಜುಲೈ ಪೂರ್ತಿ ಫ್ಯಾನ್ ಓಡಿದ್ದು ಐದು ಮಧ್ಯಾಹ್ನ ಅಷ್ಟೇ. ಓಡದೆ ಸುಮ್ಮನಿರೋದೂ ಅದರ ಕೆಲಸ ಅಂತ ಮನೆಯಾಕಿಗೆ ತಿಳಿಸಿ ಹೇಳಲಿಕ್ಕ ಕಷ್ಟ ಆಯಿತು. ರೊಕ್ಕ ಕೊಟ್ಟು ತಂದಿದ್ದು ಸುಮ್ಮನೆ ಕುಂತದ ಅಂತಾಳ.

ಕೆಟ್ಟ ಬೀಜಕ್ಕ ಔಷಧ ಹಚ್ಚಿರಲಿಲ್ಲ, ಕಾಳಿನ ರೇಟಿಗೆ ಆಡತಿಗೆ ಹಾಕಿದೆ. ಪಡಸಾಲೆಯ ಹತ್ತು ಕಿಲೋ ತಂಗಿ ಮನೆಗೆ ಕೊಟ್ಟೆ, ಉಳಿದದ್ದು ಇಬ್ಬರೂ ಹೊರಗಿಂದ ತಂದು ಬಿತ್ತಿದ್ದೀವಿ. ಹೊಲ ಈಗ ಹೂವಿಗೆ ಬಂದದ. ಈ ಸಲ ಬೀಜ ಎರಡು ಪಾಲು ಮಾಡಿ ಇಡ್ತೀನಿ, ಒಂದು ಕೋಣೆಯಾಗ, ಒಂದು ಅಟ್ಟದ ಮೇಲೆ, ತಿಂಗಳಿಗೊಮ್ಮೆ ಎರಡರಿಂದಲೂ ನೂರು ಕಾಳು ಮೊಳಕೆ ಕಟ್ಟಿ ಅಂಕಿ ಇಲ್ಲೇ ಹಾಕ್ತೀನಿ. ನಿಮ್ಮ ಮನೆಯಾಗ ಉಪ್ಪಿನ ಪರೀಕ್ಷೆ ಮಾಡಿದವರು ಸೆನ್ಸರ್ ಯಾವುದು, 75ಕ್ಕ ಎಷ್ಟು ತೋರಿಸ್ತು ಅಂತ ಬರೀರಿ.