ಹರಿದ ಪ್ಯಾಂಟು, ಐದು ಸಾವಿರ

ಭಾನುವಾರ ಅಂಕೋಲಾದಿಂದ ಗೋಕರ್ಣದ ಬಸ್ಸಲ್ಲಿ ಬೆಂಗಳೂರಿನ ಹುಡುಗನೊಬ್ಬ ಪಕ್ಕ ಕೂತಿದ್ದ. ಎರಡೂ ಮೊಣಕಾಲಲ್ಲಿ ಹರಿದ ಪ್ಯಾಂಟು, ಬಣ್ಣ ಹೋದ ಅಂಗಿ, ಕಾಲಲ್ಲಿ ಕೊಲ್ಹಾಪುರಿ. ಪಾಪ, ಟಿಕೆಟ್ ನಾನೇ ತೆಗೀಲಾ ಅಂತ ಯೋಚಿಸ್ತಿದ್ದೆ. ಮಾತಿಗೆ ಪ್ಯಾಂಟಿನ ರೇಟು ಕೇಳಿದೆ. 'ಐದು ಸಾವಿರ, ಹರಿದೇ ಬರುತ್ತೆ ಸರ್' ಅಂದ!

ಬೆಳಂಬಾರದಲ್ಲಿ ಅಮ್ಮ ಇದೇ ತೂತಿಗೆ ತೇಪೆ ಹಾಕಿ ನನ್ನನ್ನು ಶಾಲೆಗೆ ಕಳಿಸ್ತಿದ್ದಳು. ತೇಪೆ ಕಾಣಬಾರದು ಅಂತ ನಾನು ಚೀಲ ಅಡ್ಡ ಹಿಡಿದು ಕೂರ್ತಿದ್ದೆ. ಆಗ ಅದು ದರಿದ್ರ, ಈಗ ಸ್ಟೈಲು. ನಾನು ಇಸ್ತ್ರಿ ಅಂಗಿ ಹಾಕಿದ್ರೆ ಮಾತ್ರ 'ಏನು, ಸಾಹೇಬನಾದ್ಯಾ?' ಅನ್ನೋರು ಇನ್ನೂ ಇದ್ದಾರೆ. ಬಾಬಾಸಾಹೇಬರು ಸೂಟು ಹಾಕಿದ್ದು ಸುಮ್ಮನೆ ಅಲ್ಲ. 1927ರಲ್ಲಿ ಮಹಾಡದಲ್ಲಿ ಹೆಣ್ಣುಮಕ್ಕಳಿಗೂ, ಸೀರೆ ಉಡೋ ರೀತಿಯಲ್ಲಿ, ಒಡವೆಯಲ್ಲಿ ಜಾತಿಯ ಗುರುತು ಕಾಣಬಾರದು ಅಂತ ಹೇಳಿದ್ರು. ನಮಗೆ ನೆಟ್ಟಗಿನ ಬಟ್ಟೆಯೇ ಚಳವಳಿ ಮಾರಾಯ್ರೇ.

ಇನ್ನು ಆ ಚಪ್ಪಲಿ. 2019ರಲ್ಲಿ ಜಿಐ ಟ್ಯಾಗ್ ಸಿಕ್ತು, ಬೆಳಗಾವಿ ಜಿಲ್ಲೆಯೂ ಅದರಲ್ಲಿದೆ. 2025ರಲ್ಲಿ ಇಟಲಿಯ ಪ್ರಾಡಾ ಅಂಥದ್ದನ್ನೇ ಮಿಲಾನಿನ ಶೋದಲ್ಲಿ ಬರೀ ಲೆದರ್ ಸ್ಯಾಂಡಲ್ ಅಂತ ತೋರಿಸ್ತು. ಗಲಾಟೆ ಆದ ಮೇಲಷ್ಟೇ ಭಾರತದ ಹೆಸರು ಬಾಯಿಗೆ ಬಂತು. ಅಥಣಿಯಲ್ಲಿ ಚರ್ಮ ಕೊಯ್ದು ಹೊಲಿಯೋ ನಮ್ಮ ಜನರ ಹೆಸರು?

ಹುಡುಗನನ್ನೂ ಕೇಳಿದೆ: 'ಇದನ್ನ ಯಾರು ಮಾಡ್ತಾರೆ ಗೊತ್ತಾ ತಮ್ಮಾ?'

'ಆನ್‌ಲೈನ್ ಸರ್' ಅಂದ.