ಇಬ್ಬರದೂ ತಪ್ಪು, ಲೆಕ್ಕ ಚುಕ್ತಾ!

ಅಮೆರಿಕನ್ ಫುಟ್‌ಬಾಲ್ ನೋಡುವವರಿಗೆಲ್ಲ ಪರಿಚಯವಿರುವ ಒಂದು ದೃಶ್ಯವಿದೆ. ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆದಾಗಿದೆ. ಚೆಂಡು ಅವನ ಕೈ ಬಿಟ್ಟು ದೂರ ಹೋಗಿದೆ. ಆಮೇಲೆ, ಬೇಕಾದರೆ ನಿಲ್ಲಬಹುದಾಗಿದ್ದ ಎದುರಾಳಿಯೊಬ್ಬ ಓಡಿಬಂದು ಅವನ ತಲೆಗೆ ಗುದ್ದಿ ಕೆಡವುತ್ತಾನೆ. ಅಂಪೈರು ಹಳದಿ ಬಟ್ಟೆ ಎಸೆಯುತ್ತಾರೆ. ಆದರೆ ಅಷ್ಟು ಹೊತ್ತಿಗೆ ಇನ್ನೊಂದು ಹಳದಿ ಬಟ್ಟೆಯೂ ನೆಲದ ಮೇಲೆ ಬಿದ್ದಿರುತ್ತದೆ. ಚೆಂಡು ಎಸೆದ ತಂಡದವನೇ ಒಬ್ಬ, ಇನ್ಯಾವುದೋ ಬದಿಯಲ್ಲಿ, ಎದುರಾಳಿಯ ಅಂಗಿ ಹಿಡಿದು ಜಗ್ಗಿದ್ದಾನೆ. ರೆಫರಿ ಮೈಕ್ ಒತ್ತಿ ಎರಡೂ ತಪ್ಪುಗಳನ್ನು ಓದಿ, ಪೆನಾಲ್ಟಿಗಳು ಪರಸ್ಪರ ವಜಾ ಆಗಿವೆ, ಡೌನ್ ಮತ್ತೆ ಆಡಿ ಎಂದು ಸಾರುತ್ತಾರೆ. ಆಟ ಮೊದಲಿದ್ದ ಜಾಗದಿಂದಲೇ ಶುರುವಾಗುತ್ತದೆ. ಪೆಟ್ಟು ತಿಂದವನು ತಲೆ ಕೊಡವಿಕೊಂಡು ಎದ್ದು ನಿಲ್ಲುತ್ತಾನೆ.

ಇದಕ್ಕೆ ಆಫ್‌ಸೆಟಿಂಗ್ ಪೆನಾಲ್ಟಿ ಎನ್ನುತ್ತಾರೆ. ಆ ಆಟದ ಅತಿ ದೊಡ್ಡ ಅನ್ಯಾಯಗಳಲ್ಲಿ ಇದೂ ಒಂದು ಎಂಬುದು ನನ್ನ ವಾದ. ಅನ್ಯಾಯಕ್ಕಿಂತ ಹೆಚ್ಚಾಗಿ ಇದೊಂದು ಸೋಮಾರಿತನ. ನ್ಯಾಯದ ವೇಷ ಹಾಕಿಕೊಂಡ ಸೋಮಾರಿತನ.

ಆಟ ಗೊತ್ತಿಲ್ಲದವರಿಗೆ ನಾಲ್ಕು ಮಾತು. ಚೆಂಡು ಹೊಂದಿರುವ ತಂಡಕ್ಕೆ ಹತ್ತು ಗಜ ಮುಂದೆ ಹೋಗಲು ನಾಲ್ಕು ಅವಕಾಶ ಸಿಗುತ್ತದೆ. ಒಂದೊಂದು ಅವಕಾಶವೂ ಒಂದು ‘ಡೌನ್’. ಹತ್ತು ಗಜ ದಾಟಿದರೆ ಮತ್ತೆ ನಾಲ್ಕು ಅವಕಾಶ. ಇಲ್ಲಿ ತಪ್ಪಿಗೆ ಶಿಕ್ಷೆ ಕೊಡುವುದೂ ಗಜದ ಲೆಕ್ಕದಲ್ಲೇ. ಆಟ ಶುರುವಾಗುವಾಗ ನಿಂತ ರೀತಿ ಸರಿಯಿಲ್ಲದಂಥ ಸಣ್ಣ ತಪ್ಪಿಗೆ 5 ಗಜ. ದಾಳಿಯ ತಂಡದವರು ಎದುರಾಳಿಯನ್ನು ಹಿಡಿದುಕೊಂಡರೆ, ಅಂದರೆ ‘ಹೋಲ್ಡಿಂಗ್’ ಮಾಡಿದರೆ, 10 ಗಜ. ಮುಖದ ಜಾಲರಿ ಹಿಡಿದು ತಿರುಚಿದರೆ, ಚೆಂಡು ಬಿಟ್ಟ ಕ್ವಾರ್ಟರ್‌ಬ್ಯಾಕ್‌ನನ್ನು ಗುದ್ದಿದರೆ 15 ಗಜ. ನಿಯಮ ಪುಸ್ತಕ ಬರೆದವರೇ ಹೀಗೆ ತಪ್ಪುಗಳನ್ನು ತೂಗಿ, ಬೆಲೆ ಕಟ್ಟಿ, ಪಟ್ಟಿ ಮಾಡಿಟ್ಟಿದ್ದಾರೆ. ಇನ್ನೊಂದು ಸೊಗಸೂ ಇದೆ. ತಪ್ಪು ಒಂದೇ ಕಡೆಯಿಂದ ಆದಾಗ ಅನ್ಯಾಯಕ್ಕೆ ಒಳಗಾದ ತಂಡವೇ ಆಯ್ಕೆ ಮಾಡಬಹುದು: ಶಿಕ್ಷೆ ಬೇಕೋ, ಆಟದಲ್ಲಿ ಆದದ್ದೇ ಇರಲೋ.

ಎರಡೂ ಕಡೆಯಿಂದ ತಪ್ಪಾದ ಕೂಡಲೇ ಈ ತೂಕವೂ ಆಯ್ಕೆಯೂ ಮಾಯ. ಚೆಂಡು ಕೈ ಬದಲಾಗದ ಆಟದಲ್ಲಿ 10 ಗಜದ ತಪ್ಪೂ 15 ಗಜದ ತಪ್ಪೂ ಒಂದೇ. ಅಷ್ಟೇ ಅಲ್ಲ, ಒಂದು ತಂಡ ಎರಡು ತಪ್ಪು ಮಾಡಿ ಇನ್ನೊಂದು ತಂಡ ಒಂದೇ ತಪ್ಪು ಮಾಡಿದ್ದರೂ ಎನ್‌ಎಫ್‌ಎಲ್ ಅದನ್ನು ‘ಎರಡೂ ಕಡೆಯ ತಪ್ಪು’ ಎಂದೇ ಎಣಿಸುತ್ತದೆ. ಎರಡರಲ್ಲಿ ಒಂದು ಕಳೆದರೆ ಒಂದು ಉಳಿಯುತ್ತದೆ ಎಂದು ಒಂದನೇ ಕ್ಲಾಸಿನ ಮಗುವೂ ಹೇಳುತ್ತದೆ. ಇಲ್ಲಿ ಉಳಿಯುವುದು ಸೊನ್ನೆ.

‘ಅಡಿಕೆ ಕದ್ದರೂ ಕಳ್ಳ, ಆನೆ ಕದ್ದರೂ ಕಳ್ಳ’ ಎಂದು ನಮ್ಮಲ್ಲಿ ಗಾದೆಯಿದೆ. ಒಪ್ಪೋಣ, ಇಬ್ಬರೂ ಕಳ್ಳರೇ. ಆದರೆ ಅಡಿಕೆ ಕದ್ದವನ ಮನೆಯಿಂದಲೇ ಆನೆ ಕದ್ದಿದ್ದಾರೆ ಎಂದುಕೊಳ್ಳಿ. ಅಡಿಕೆಗೆ ಆನೆ ವಜಾ, ಇಬ್ಬರೂ ಮನೆಗೆ ಹೋಗಿ ಎಂದು ಯಾವ ಪಂಚಾಯಿತಿಯೂ ತೀರ್ಮಾನ ಕೊಡುವುದಿಲ್ಲ. ಕೊಟ್ಟರೆ ಲಾಭ ಯಾರಿಗೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಈ ನಿಯಮ ತಪ್ಪು ಎಂದು ಹೇಳಲು ನಾನು ಬೇರೆ ಸಾಕ್ಷಿ ತರಬೇಕಿಲ್ಲ. ಆ ಪುಸ್ತಕದಲ್ಲಿಯೇ ಸಾಕ್ಷಿಯಿದೆ. ಎನ್‌ಎಫ್‌ಎಲ್ ನಿಯಮದಲ್ಲಿ ಒಂದು ವಿನಾಯಿತಿ ಉಂಟು. ಒಂದು ಕಡೆ 15 ಗಜದ ತಪ್ಪಾಗಿ, ಇನ್ನೊಂದು ಕಡೆಯದು ಬರೀ 5 ಗಜದ ತಪ್ಪಾಗಿದ್ದರೆ ಅವು ಪರಸ್ಪರ ವಜಾ ಆಗುವುದಿಲ್ಲ. ಚಿಕ್ಕದನ್ನು ಬಿಟ್ಟು ದೊಡ್ಡದಕ್ಕೆ ಪೂರ್ತಿ 15 ಗಜ ಶಿಕ್ಷೆ ವಿಧಿಸುತ್ತಾರೆ. ಅಂದರೆ ಎಲ್ಲ ತಪ್ಪೂ ಒಂದೇ ಅಲ್ಲ ಎಂಬುದು ನಿಯಮ ಮಾಡಿದವರಿಗೂ ಗೊತ್ತು. ಗೊತ್ತಿದ್ದೂ ಅವರು ಒಂದೇ ಮೆಟ್ಟಿಲಿಗೆ ನಿಂತುಬಿಟ್ಟರು. ಇದರ ಫಲ ನೋಡಿ. ಕ್ವಾರ್ಟರ್‌ಬ್ಯಾಕ್‌ಗೆ ಗುದ್ದು ಬಿದ್ದ ಆಟದಲ್ಲಿ ಅವನ ತಂಡದವನು ನಿಲ್ಲಬಾರದ ಜಾಗದಲ್ಲಿ ನಿಂತಿದ್ದರೆ ತಂಡಕ್ಕೆ 15 ಗಜ ಸಿಗುತ್ತದೆ. ಅದೇ ಅವನು ಅಂಗಿ ಹಿಡಿದಿದ್ದರೆ ಏನೂ ಸಿಗುವುದಿಲ್ಲ. ತಪ್ಪು ಬೆಳೆದದ್ದು 5 ಗಜದಷ್ಟು, ಕಳೆದುಕೊಂಡದ್ದು 15 ಗಜ. ಇದು ಯಾವ ತಕ್ಕಡಿ?

ಇನ್ನು ಚೆಂಡು ಕೈ ಬದಲಾದ ಆಟಗಳಿಗೆ ಮತ್ತೊಂದು ಸೂಕ್ಷ್ಮವಿದೆ. ಚೆಂಡು ಕಸಿದುಕೊಳ್ಳುವವರೆಗೆ ತಪ್ಪು ಮಾಡದೆ, ಕಸಿದ ಮೇಲೆ ತಪ್ಪು ಮಾಡಿದ ತಂಡ ತನ್ನ ತಪ್ಪಿನ ಶಿಕ್ಷೆ ಅನುಭವಿಸಿ ಚೆಂಡನ್ನು ಉಳಿಸಿಕೊಳ್ಳಬಹುದು. ಇದಕ್ಕೆ ಅವರು ಇಟ್ಟಿರುವ ಹೆಸರು ‘ಶುದ್ಧ ಕೈ’. ಯಾರು ಯಾವಾಗ ತಪ್ಪು ಮಾಡಿದರು ಎಂದು ಅಲ್ಲಿ ಕ್ಷಣ ಕ್ಷಣವನ್ನೂ ನೋಡುತ್ತಾರೆ. ಹಾಗಾಗಿ, ‘ಮೈದಾನದಲ್ಲಿ ಅಷ್ಟೆಲ್ಲ ಲೆಕ್ಕ ಹಾಕಲು ಆಗುವುದಿಲ್ಲ, ನಿಯಮ ಸರಳವಾಗಿರಬೇಕು’ ಎಂಬ ಸಮರ್ಥನೆ ನಿಲ್ಲುವುದಿಲ್ಲ. ಬೇಕಾದ ಕಡೆ ಅವರು ಲೆಕ್ಕ ಹಾಕುತ್ತಲೇ ಇದ್ದಾರೆ.

ಬೇರೆ ಆಟಗಳ ಕಡೆ ನೋಡಿ. ಐಸ್ ಹಾಕಿಯಲ್ಲಿ ಇಬ್ಬರು ಒಟ್ಟಿಗೆ ತಪ್ಪು ಮಾಡಿದರೆ ಇಬ್ಬರೂ ಪೆನಾಲ್ಟಿ ಪೆಟ್ಟಿಗೆಯೊಳಗೆ ಹೋಗಿ ಕೂರಬೇಕು. ಒಬ್ಬನಿಗೆ ನಾಲ್ಕು ನಿಮಿಷ, ಇನ್ನೊಬ್ಬನಿಗೆ ಎರಡು ನಿಮಿಷ ಶಿಕ್ಷೆಯಾದರೆ ಸಮಸಮ ಇದ್ದಷ್ಟು ಕಳೆದು, ಮಿಕ್ಕ ಎರಡು ನಿಮಿಷವನ್ನು ಹೆಚ್ಚು ತಪ್ಪು ಮಾಡಿದ ತಂಡ ಅನುಭವಿಸುತ್ತದೆ. ಬಾಸ್ಕೆಟ್‌ಬಾಲ್‌ನಲ್ಲಿ ಇಬ್ಬರೂ ಫೌಲ್ ಮಾಡಿದರೆ ಫ್ರೀ ಥ್ರೋ ಇಲ್ಲ, ಆದರೆ ಇಬ್ಬರ ಖಾತೆಗೂ ಒಂದೊಂದು ಫೌಲ್ ಬೀಳುತ್ತದೆ. ಜಗತ್ತೆಲ್ಲ ಆಡುವ ಕಾಲ್ಚೆಂಡಿನ ನಿಯಮ, ಒಂದೇ ಹೊತ್ತಿಗೆ ಹಲವು ತಪ್ಪುಗಳಾದರೆ ಹೆಚ್ಚು ಗಂಭೀರವಾದದ್ದನ್ನು ಶಿಕ್ಷಿಸು ಎಂದು ರೆಫರಿಗೆ ಹೇಳುತ್ತದೆ. ಮೂರು ಆಟ, ಮೂರು ದಾರಿ. ಆದರೆ ಮೂರರಲ್ಲೂ ತಪ್ಪಿನ ಗುರುತು ಎಲ್ಲೋ ಒಂದು ಕಡೆ ಉಳಿಯುತ್ತದೆ.

ಕಾನೂನು ಓದುವವರಿಗೆ ಈ ಜಗಳ ಹೊಸದಲ್ಲ. 1809ರಲ್ಲಿ ಇಂಗ್ಲೆಂಡಿನಲ್ಲಿ ಬಟರ್‌ಫೀಲ್ಡ್ ಮತ್ತು ಫಾರೆಸ್ಟರ್ ನಡುವಿನ ಮೊಕದ್ದಮೆ ತೀರ್ಮಾನವಾಯಿತು. ಫಾರೆಸ್ಟರ್ ತನ್ನ ಮನೆ ರಿಪೇರಿಗೆಂದು ರಸ್ತೆಗೆ ಅಡ್ಡವಾಗಿ ಗಳ ಇಟ್ಟಿದ್ದ. ಮುಸ್ಸಂಜೆಯಲ್ಲಿ ಕುದುರೆಯನ್ನು ಜೋರಾಗಿ ಓಡಿಸಿಕೊಂಡು ಬಂದ ಬಟರ್‌ಫೀಲ್ಡ್ ಅದಕ್ಕೆ ಬಡಿದು ಬಿದ್ದು ಗಾಯಗೊಂಡ. ನೀನೂ ಎಚ್ಚರ ತಪ್ಪಿದ್ದೆ, ಹಾಗಾಗಿ ನಿನಗೆ ಪರಿಹಾರವಿಲ್ಲ ಎಂದಿತು ನ್ಯಾಯಾಲಯ. ಅರ್ಧ ಪರಿಹಾರವಲ್ಲ, ಕಾಲು ಭಾಗವೂ ಅಲ್ಲ, ಏನೂ ಇಲ್ಲ. ಈ ತತ್ವ ಅಮೆರಿಕಕ್ಕೂ ದಾಟಿ ನೂರಕ್ಕೂ ಹೆಚ್ಚು ವರ್ಷ ಆಳಿತು. ಗಾಯಾಳುವಿನದು ಹಿಡಿಯಷ್ಟು ತಪ್ಪಿದ್ದರೂ ಗಾಯ ಮಾಡಿದವನ ರಾಶಿ ತಪ್ಪು ತೊಳೆದುಹೋಗುತ್ತಿತ್ತು. ಕೊನೆಗೆ ಜನರಿಗೂ ನ್ಯಾಯಾಧೀಶರಿಗೂ ಇದು ಸಾಕಾಯಿತು. ಇಂಗ್ಲೆಂಡ್ 1945ರಲ್ಲಿ ಕಾನೂನು ಬದಲಿಸಿತು. ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ 1975ರಲ್ಲಿ ತಪ್ಪಿನ ಪಾಲಿಗೆ ತಕ್ಕಂತೆ ಪರಿಹಾರವನ್ನು ಕಡಿತಗೊಳಿಸುವ ಪದ್ಧತಿ ತಂದಿತು. ಇಂದು ಹಳೆಯ ತತ್ವವನ್ನು ಹಿಡಿದುಕೊಂಡಿರುವುದು ಅಲಬಾಮ, ಮೇರಿಲ್ಯಾಂಡ್, ಉತ್ತರ ಕೆರೊಲಿನಾ, ವರ್ಜೀನಿಯಾದಂಥ ಬೆರಳೆಣಿಕೆಯ ರಾಜ್ಯಗಳು. ಅವುಗಳ ಜೊತೆಗೆ, ಪ್ರತಿ ಭಾನುವಾರ, ಫುಟ್‌ಬಾಲ್ ಮೈದಾನ.

ಈಗ ಎದುರಿನವರ ಅತಿ ಗಟ್ಟಿ ವಾದವನ್ನು ಕೇಳೋಣ. ಅದನ್ನು ಮುಚ್ಚಿಟ್ಟು ಗೆಲ್ಲುವುದರಲ್ಲಿ ಸುಖವಿಲ್ಲ. 40 ಗಜ ದೂರಕ್ಕೆ ಎಸೆದ ಚೆಂಡನ್ನು ಹಿಡಿಯಲು ಹೋದವನನ್ನು ಎದುರಾಳಿ ತಡೆದು ಕೆಡವಿದ ಎನ್ನಿ. ಎನ್‌ಎಫ್‌ಎಲ್‌ನಲ್ಲಿ ಆ ತಪ್ಪು ನಡೆದ ಜಾಗದಲ್ಲೇ ಚೆಂಡು ಕೊಡುತ್ತಾರೆ. ಆದರೆ ಇತ್ತ ದಾಳಿಯವನು ಅಂಗಿ ಹಿಡಿದಿದ್ದರೆ ಎರಡೂ ವಜಾ. ‘40 ಗಜಕ್ಕೆ 10 ಗಜ ಸಮವೇ?’ ಎಂದು ಅಭಿಮಾನಿಗಳು ಕೂಗುತ್ತಾರೆ. ನಿಯಮದ ಪರ ಇರುವವರ ಉತ್ತರ ಹೀಗಿದೆ: ಆ ಅಂಗಿ ಹಿಡಿಯದಿದ್ದರೆ ಕ್ವಾರ್ಟರ್‌ಬ್ಯಾಕ್‌ಗೆ ಅಷ್ಟು ದೂರ ಎಸೆಯಲು ಸಮಯವೇ ಸಿಗುತ್ತಿರಲಿಲ್ಲ. ಚೆಂಡನ್ನು ಸಲೀಸಾಗಿ ಹಿಡಿದಿದ್ದರೂ ಹೋಲ್ಡಿಂಗ್ ಕಾರಣಕ್ಕೆ ಆ 40 ಗಜ ರದ್ದಾಗುತ್ತಿತ್ತು. ಹಿಡಿದರೂ ದಕ್ಕದ ಗಜ, ಹಿಡಿಯದಿದ್ದಾಗ ದಕ್ಕಬೇಕೇ?

ಈ ವಾದಕ್ಕೆ ನಾನು ತಲೆಬಾಗುತ್ತೇನೆ. ಒಂದು ತಪ್ಪು ಇನ್ನೊಂದಕ್ಕೆ ದಾರಿ ಮಾಡಿಕೊಟ್ಟಿರಬಹುದಾದ ಕಡೆ, ಎರಡೂ ಆಟದ ಫಲವನ್ನೇ ಕೆಡಿಸಿದ ಕಡೆ, ಮತ್ತೆ ಆಡಿಸುವುದು ಸರಿಯೇ. ಕೆಟ್ಟದ್ದು ಆಟ, ಆಟವನ್ನು ಮತ್ತೆ ಆಡಿ ಸರಿಪಡಿಸಬಹುದು.

ಆದರೆ ಇದೇ ವಾದ ನನ್ನ ಮೊದಲ ದೃಶ್ಯದಲ್ಲಿ ಮುರಿದು ಬೀಳುತ್ತದೆ. ಚೆಂಡು ಹೋದ ಮೇಲೆ ಗುದ್ದಿದವನಿಗೆ ಗುದ್ದಲು ಕಾರಣ ಅಂಗಿ ಹಿಡಿದವನಲ್ಲ. ಮುಖದ ಜಾಲರಿ ತಿರುಚಿದವನಿಗೆ ಅದನ್ನು ಯಾರೂ ಮಾಡು ಎನ್ನಲಿಲ್ಲ. ಇಂಥ ತಪ್ಪುಗಳಿಗೆ 15 ಗಜ ಇಟ್ಟದ್ದು ಆಟದ ಫಲ ಕೆಟ್ಟಿತೆಂದಲ್ಲ, ಒಬ್ಬ ಮನುಷ್ಯನ ಕುತ್ತಿಗೆ, ಮಿದುಳು ಕೆಡಬಹುದೆಂದು. ಡೌನ್ ಮತ್ತೆ ಆಡಿಸಬಹುದು, ಬಿದ್ದ ಏಟನ್ನು ವಾಪಸ್ ತೆಗೆದುಕೊಳ್ಳಲು ಆಗುವುದಿಲ್ಲ. ತಲೆಗೆ ಬಿದ್ದ ಪೆಟ್ಟುಗಳ ಬಗ್ಗೆ ಮಾಜಿ ಆಟಗಾರರು ಎನ್‌ಎಫ್‌ಎಲ್ ಮೇಲೆ ಹೂಡಿದ ದಾವೆಯ ರಾಜಿ ಒಪ್ಪಂದಕ್ಕೆ 2015ರಲ್ಲಿ ನ್ಯಾಯಾಲಯ ಒಪ್ಪಿಗೆ ಕೊಟ್ಟಿತು. ಅಷ್ಟಾದ ಮೇಲೂ ತಲೆಗೆ ಬಿದ್ದ ಗುದ್ದನ್ನು ಅಂಗಿಯ ಜಗ್ಗಾಟಕ್ಕೆ ವಜಾ ಹಾಕುವ ನಿಯಮ ಹಾಗೆಯೇ ಇದೆ.

ಲೀಗ್ ಆಮೇಲೆ ದಂಡ ಹಾಕುತ್ತದಲ್ಲ ಎನ್ನಬಹುದು. ಹಾಕುತ್ತದೆ. ಆದರೆ ಆ ದುಡ್ಡು ಗುದ್ದು ತಿಂದ ತಂಡದ ಗಜವಾಗುವುದಿಲ್ಲ, ಆ ಪಂದ್ಯದ ಲೆಕ್ಕಕ್ಕೂ ಬರುವುದಿಲ್ಲ. ಉಚ್ಚಾಟನೆಯಾದವನು ಹೊರಗೆ ಹೋಗಲೇಬೇಕು ಎಂಬುದೂ ನಿಜ. ಆದರೆ ಉಚ್ಚಾಟನೆಯ ಮಟ್ಟಕ್ಕೆ ಹೋಗದ ಏಟುಗಳೇ ಹೆಚ್ಚು.

ಇನ್ನೊಂದು ಕೆಡುಕು ಕಣ್ಣಿಗೆ ಬೀಳುವುದು ಸೀಟಿ ಊದಿದ ಮೇಲಿನ ತಳ್ಳಾಟದಲ್ಲಿ. ಒಬ್ಬ ಕೆಣಕುತ್ತಾನೆ, ಇನ್ನೊಬ್ಬ ತಿರುಗಿ ನೂಕುತ್ತಾನೆ. ಯಾರು ಮೊದಲು ಎಂದು ತನಿಖೆ ಮಾಡುವುದು ಕಷ್ಟ. ಎರಡೂ ಕಡೆಗೆ ಒಂದೊಂದು ಬಟ್ಟೆ ಎಸೆದರೆ ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಯಾರಿಗೂ ಗಜ ಹೋಗದ ತೀರ್ಪನ್ನು ಯಾರೂ ಪ್ರಶ್ನಿಸುವುದಿಲ್ಲ. ಕೆಣಕುವುದನ್ನೇ ಕಸುಬು ಮಾಡಿಕೊಂಡವನಿಗೆ ಇದಕ್ಕಿಂತ ಒಳ್ಳೆಯ ನಿಯಮ ಬೇಕೇ? ಅವನು ಒಬ್ಬನೇ ಸಿಕ್ಕಿಬಿದ್ದರೆ 15 ಗಜ ನಷ್ಟ. ಎದುರಿನವನನ್ನೂ ಎಳೆದುಕೊಂಡು ಬಿದ್ದರೆ ಪುಕ್ಕಟೆ.

ಹಾಗಾದರೆ ಏನು ಮಾಡಬೇಕು? ನಾನು ಕೇಳುವುದು ಎರಡೇ. ಒಂದು, ಮೈಗೆ ಅಪಾಯ ತರುವ ತಪ್ಪುಗಳನ್ನು ವಜಾ ಪಟ್ಟಿಯಿಂದ ಹೊರಗಿಡಿ. ಡೌನ್ ಮತ್ತೆ ಆಡಿಸಿ, ಆದರೆ ಹೋಲ್ಡಿಂಗಿಗೆ 10 ಗಜ ಹಿಂದೆ, ಗುದ್ದಿಗೆ 15 ಗಜ ಮುಂದೆ ಎಂದು ಎರಡನ್ನೂ ಜಾರಿ ಮಾಡಿ. ಉಳಿಯುವುದು 5 ಗಜವೇ ಇರಬಹುದು, ಆ 5 ಗಜ ‘ನಿನ್ನದು ದೊಡ್ಡ ತಪ್ಪು’ ಎಂದು ಎಲ್ಲರ ಎದುರಿಗೆ ಹೇಳುತ್ತದೆ. ಎರಡು, ಒಂದು ಕಡೆ ಎರಡು ತಪ್ಪು, ಇನ್ನೊಂದು ಕಡೆ ಒಂದು ಇದ್ದರೆ ಮಿಕ್ಕದ್ದನ್ನು ಮನ್ನಾ ಮಾಡಬೇಡಿ. ಹಾಕಿ ಆಡುವವರು ನಿಮಿಷಗಳಲ್ಲಿ ಮಾಡುವುದನ್ನು ಗಜಗಳಲ್ಲಿ ಮಾಡಿ.

ಇದು ಆಗದ ಕೆಲಸವೇನಲ್ಲ. 2019ರ ಜನವರಿಯಲ್ಲಿ ನ್ಯೂ ಆರ್ಲಿಯನ್ಸ್‌ನ ಸೆಮಿಫೈನಲ್‌ನಂಥ ಪಂದ್ಯದಲ್ಲಿ ಕಣ್ಣಿಗೆ ಹೊಡೆಯುವಂಥ ತಪ್ಪೊಂದನ್ನು ಅಂಪೈರುಗಳು ಕೊಡದೆ ಬಿಟ್ಟಾಗ ಗದ್ದಲವೆದ್ದು, ಆ ವರ್ಷವೇ ಲೀಗ್ ಅಂಥ ತೀರ್ಪುಗಳ ಮರುಪರಿಶೀಲನೆಗೆ ಅವಕಾಶ ಕೊಟ್ಟಿತು. ಸರಿಹೋಗಲಿಲ್ಲವೆಂದು ಒಂದೇ ಋತುವಿಗೆ ಕೈಬಿಟ್ಟಿತು. ನಿಯಮ ಕಲ್ಲಿನಲ್ಲಿ ಕೆತ್ತಿದ್ದಲ್ಲ, ಗದ್ದಲವೆದ್ದರೆ ಬದಲಾಗುತ್ತದೆ. ಆದರೆ ವಜಾ ನಿಯಮಕ್ಕೆ ಗದ್ದಲ ಏಳುವುದಿಲ್ಲ. ಎರಡೂ ಕಡೆಯವರಿಗೂ ಅಂದು ಏನೋ ತಪ್ಪಿಸಿಕೊಂಡ ಸಮಾಧಾನ.

ಪೆಟ್ಟು ತಿಂದವನೊಬ್ಬನಿಗೆ ಮಾತ್ರ ಆ ಸಮಾಧಾನವಿಲ್ಲ. ಅವನು ಅಂಗಿ ಹಿಡಿದವನೂ ಅಲ್ಲ.