ಕಾರ್ಖಾನೆಯ ನಕ್ಷೆ ಯಾರ ಸ್ವತ್ತು?

ಮಂಗಳೂರಿನ ತೈಲಶುದ್ಧೀಕರಣಾಗಾರದಂತಹ ಸಾರ್ವಜನಿಕ ಕಾರ್ಖಾನೆಗಳವರು, ಕೊಳವೆ, ಕವಾಟ, ಮಾಪಕಗಳ ಸಂಬಂಧವನ್ನು ತೋರಿಸುವ ಪಿ ಅಂಡ್ ಐಡಿ ನಕ್ಷೆಗಳಿಗೆ ತಂತ್ರಾಂಶವನ್ನು ಆರಿಸುವಾಗ ಬೆಲೆಯನ್ನೂ ಬೆಡಗನ್ನೂ ನೋಡಿದರೆ ಸಾಲದೆಂದು ನಮ್ಮ ಮತ. ಕಾರ್ಖಾನೆಯ ಆಯುಸ್ಸು ಮೂವತ್ತು ನಲವತ್ತು ವರ್ಷ. ತಂತ್ರಾಂಶದ ಪರವಾನಗಿಯೋ ಈಗ ಬಹುಮಟ್ಟಿಗೆ ವರ್ಷವರ್ಷದ ಬಾಡಿಗೆ. ಇಂಟರ್‌ಗ್ರಾಫ್ ಸಂಸ್ಥೆಯು 2010ರಲ್ಲಿ ಸ್ವೀಡನ್ನಿನ ಹೆಕ್ಸಗನ್ನಿನ ಪಾಲಾಯಿತು. ಇಂಗ್ಲೆಂಡಿನ ಅವೇವಾ 2023ರಲ್ಲಿ ಫ್ರಾನ್ಸಿನ ಶ್ನೈಡರ್‌ನ ಪೂರ್ಣ ವಶವಾಯಿತು. ಒಡೆಯರು ಬದಲಾಗಲಿ, ನಡುರಾತ್ರಿ ಅನಿಲ ಸೋರಿದಾಗ ಯಾವ ಕವಾಟವನ್ನು ಮುಚ್ಚಬೇಕೆಂದು ನೋಡಲು ನಮ್ಮವರು ಪರರ ಅಪ್ಪಣೆ ಬೇಡಬೇಕೇ? ಡೆಕ್ಸ್‌ಪಿ ಎಂಬ ಮುಕ್ತ ವಿನಿಮಯಪದ್ಧತಿಯೊಂದಿದೆ. ಕವಾಟದ ಸಂಖ್ಯೆ, ಕೊಳವೆಯ ವ್ಯಾಸ, ಯಾವುದು ಯಾವುದಕ್ಕೆ ಕೂಡಿದೆಯೆಂಬ ವಿವರಗಳನ್ನೆಲ್ಲ ಅದರಲ್ಲಿ ಹೊರತೆಗೆದು ಬೇರೊಂದು ತಂತ್ರಾಂಶದಲ್ಲಿ ತೆರೆದು ತೋರಿಸತಕ್ಕದ್ದೆಂಬ ಷರತ್ತು ಟೆಂಡರಿನಲ್ಲಿಯೇ ಇರಬೇಕು. ತೋರಿಸಲಾರದ ವರ್ತಕನಿಗೆ, ಅವನ ದರವೆಷ್ಟೇ ಅಗ್ಗವಾಗಿರಲಿ, ಕೆಲಸವನ್ನು ಕೊಡಕೂಡದು.